ಮೊದಲು ನಿದ್ದೆ ಮಾಡಿ, ಆಮೇಲೆ ಚರ್ಚಿನ ಮಾತು

ಪ್ರಶ್ನೆ: ಅಕ್ಕಾ, ನನಗೆ 36 ವರ್ಷ. ಊರು ಬಂಗಾರಪೇಟೆ. ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಹೋದರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಅಪ್ಪ ಕೆಜಿಎಫ್ ಗಣಿಯಲ್ಲಿದ್ದರು. ಗಣಿ ಮುಚ್ಚಿದ ಮೇಲೆ ಇದೇ ರೈಲಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಓಡಾಡಿದರು. ಹೋದ ವರ್ಷ ತೀರಿಕೊಂಡರು. ಅಂದಿನಿಂದ ಪ್ರಾರ್ಥನೆ ಮಾಡಿದರೆ ಗೋಡೆಗೆ ಹೇಳಿದ ಹಾಗಿರುತ್ತದೆ. ಬದುಕಿಗೆ ಅರ್ಥವೇ ಕಾಣುತ್ತಿಲ್ಲ. ಪಾಸ್ಟರ್ ಹತ್ತಿರ ಹೇಳಿಕೊಂಡರೆ ‘ವಿಶ್ವಾಸ ಸಾಲದು’ ಎಂದರು. ಹೆಂಡತಿ ಮಕ್ಕಳ ಮುಂದೆ ಸುಮ್ನೆ ಹಾಡಿ ಬರುತ್ತೇನೆ. ಚರ್ಚು ಬಿಟ್ಟುಬಿಡಲೇ?

ಉತ್ತರ: ಬಿಡುವುದೋ ಇರುವುದೋ ಆಮೇಲೆ ನೋಡೋಣ. ನೀವು ದಿನಕ್ಕೆ ಎಷ್ಟು ಗಂಟೆ ಮಲಗುತ್ತೀರಿ? ಪತ್ರದಲ್ಲಿ ಅದೊಂದು ಬರೆದಿಲ್ಲ. ಆ ರೈಲಿನ ಲೆಕ್ಕ ಹಾಕಿದರೆ ಐದು ಗಂಟೆಯೂ ಆಗಲಾರದು, ಅಲ್ವಾ?

ಸುಮ್ಮನೆ ಕೇಳುತ್ತಿಲ್ಲ. ಬೈಬಲಿನ ಒಂದನೇ ಅರಸುಗಳು 19ನೇ ಅಧ್ಯಾಯ ತೆಗೆಯಿರಿ. ಪ್ರವಾದಿ ಎಲೀಯ ಊರು ಬಿಟ್ಟು ಅಡವಿಗೆ ಓಡುತ್ತಾನೆ. ನಮ್ಮ ಕೋಲಾರದ ಕಡೆಯ ಜಾಲಿಯಂಥ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಎನ್ನುತ್ತಾನೆ. ಅವನಿಗೆ ಯಾರೂ ‘ವಿಶ್ವಾಸ ಸಾಲದು’ ಎನ್ನಲಿಲ್ಲ. ಅವನು ಮಲಗಿದ. ದೇವದೂತ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಊಟಕ್ಕಿಟ್ಟ. ಉಪದೇಶವಿಲ್ಲ, ಬೈಗುಳವಿಲ್ಲ. ದೇವರ ಮಾತು ಅವನ ಕಿವಿಗೆ ಬಿದ್ದದ್ದು ಅದಾಗಿ 40 ದಿನ ನಡೆದ ಮೇಲೆ.

ಅವನ ಹಾಗೆ ಸಾಯುವ ಯೋಚನೆ ನಿಮಗೂ ಬರುತ್ತಿದೆಯಾ? ಬರುತ್ತಿದ್ದರೆ ಇವತ್ತೇ 14416ಕ್ಕೆ ಫೋನ್ ಮಾಡಿ. ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್ ಅದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವೈದ್ಯರ ಹತ್ತಿರ ಹೋದರೆ ವಿಶ್ವಾಸಕ್ಕೇನೂ ಕುಂದಿಲ್ಲ.

ಪಾಸ್ಟರ್ ಮಾತು ನನಗೆ ಒಪ್ಪಿಗೆಯಿಲ್ಲ. 88ನೇ ಕೀರ್ತನೆ ಓದಿ ನೋಡಿ. ಮೊದಲಿಂದ ಕೊನೆತನಕ ಅಳಲು, ಮುಗಿಯುವುದೂ ಕತ್ತಲೆಯ ಮಾತಲ್ಲೇ. ಅದನ್ನು ಯಾರೂ ಬೈಬಲಿನಿಂದ ಹರಿದು ಹಾಕಲಿಲ್ಲ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಅಚ್ಚಾದಾಗ ಗೊತ್ತಾಯಿತು, ಅವರಿಗೂ ಹತ್ತಿರಹತ್ತಿರ 50 ವರ್ಷ ದೇವರು ಮೌನವಾಗಿದ್ದನಂತೆ. ಅಷ್ಟು ವರ್ಷವೂ ಅವರು ಕಾಯಿಲೆಯವರ ಪಕ್ಕದಿಂದ ಏಳಲಿಲ್ಲ.

ಎಲೀಯನ ಕಥೆ ಇನ್ನೂ ಇದೆ. ‘ನಾನೊಬ್ಬನೇ ಉಳಿದಿದ್ದೇನೆ’ ಎಂದು ಅವನು ಎರಡು ಸಲ ದೂರುತ್ತಾನೆ. ನಿಮ್ಮ ಪತ್ರದ ದನಿಯೂ ಅದೇ. ಹೀಗೇಕಾಯಿತು ಎಂದು ದೇವರು ವಿವರಿಸುವುದಿಲ್ಲ. ನಿನ್ನಂಥವರು 7000 ಜನ ಇದ್ದಾರೆ ಎನ್ನುತ್ತಾನೆ, ಜೊತೆಗೆ ಮಾಡಲು ಕೆಲಸ ಕೊಟ್ಟು ಕಳಿಸುತ್ತಾನೆ. ಕ್ರೈಸ್ತ ನಂಬಿಕೆಯಲ್ಲಿ ಅರ್ಥ ಹೆಚ್ಚಾಗಿ ಹೀಗೇ ಸಿಗುತ್ತದೆ ಎಂದು ನನ್ನ ಎಣಿಕೆ. ಮನಸ್ಸಿಗೆ ತಂಪೆನಿಸುವುದು ಆಮೇಲೆ ಬಂದರೂ ಬರಬಹುದು, ತಡವಾದರೂ ಆಗಬಹುದು.

ಹೆಂಡತಿಯ ಮುಂದೆ ನಾಟಕ ಜಾಸ್ತಿ ದಿನ ನಡೆಯುವುದಿಲ್ಲ. ಅವರಿಗೆ ಆಗಲೇ ಗೊತ್ತಿರುತ್ತದೆ, ನೀವೇ ಹೇಳಲಿ ಎಂದು ಕಾಯುತ್ತಿರಬಹುದು. ಹೇಳಿಬಿಡಿ. ಚರ್ಚಿನಲ್ಲಿ ಹಾಡಲು ಆಗದಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರಿ. ನೀವು ಹಾಡದಿದ್ದ ದಿನ ಪಕ್ಕದವರು ಹಾಡುತ್ತಾರೆ, ಸಭೆ ಇರುವುದು ಅದಕ್ಕೇ. ಬಿಡುವ ತೀರ್ಮಾನವನ್ನು ಮಾತ್ರ ಇಷ್ಟು ದಣಿದಿರುವಾಗ ಮಾಡಬೇಡಿ.

ಇನ್ನೊಂದು ಮಾತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನಿಮ್ಮ ಅಪ್ಪನ ಜೊತೆ ಕೆಲಸ ಕಳೆದುಕೊಂಡವರಲ್ಲಿ ಯಾರಾದರೂ ಗಣಿ ಕಾರ್ಮಿಕರ ಆ ಸಾಲು ಮನೆಗಳಲ್ಲಿ ಇನ್ನೂ ಇರಬಹುದು. ಈ ಭಾನುವಾರ ಊಟ ಮಾಡಿ ಚೆನ್ನಾಗಿ ಮಲಗಿ. ಮುಂದಿನ ಭಾನುವಾರ ಒಂದು ಡಜನ್ ಬಾಳೆಹಣ್ಣು ಹಿಡಿದು, ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಅವರ ಮನೆಗೆ ಹೋಗಿ. ಕೆಲಸ ಹೋದ ಮರುದಿನ ಅಪ್ಪ ಏನು ಮಾಡಿದರು ಅಂತ ಕೇಳಿ.