ಲೇಪ ಬಳಿಯುವ ಮೊದಲು ಪಿಸಿಬಿ ತೊಳೆಯಿರಿ

ಮನೆಯಲ್ಲೇ ಎಚ್ಚಿಂಗ್ ಮಾಡಿದ (ಬೇಡದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ) ಪಿಸಿಬಿಯನ್ನು, ಅಂದರೆ ತಾಮ್ರದ ಗೆರೆಗಳಿರುವ ಎಲೆಕ್ಟ್ರಾನಿಕ್ ಬೋರ್ಡನ್ನು, ತೋಟದ ಪಂಪ್ ಶೆಡ್ಡಿನಲ್ಲಿ ಇಟ್ಟಿದ್ದೀರಿ, ಒಂದೇ ಮಳೆಗಾಲಕ್ಕೆ ಹಸಿರು ಕಿಲುಬು ಹಿಡಿದಿದೆ, ಇನ್ನು ನೇಲ್ ಪಾಲಿಶ್ ಬಳಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ, ಟ್ಯಾಂಕ್ ತುಂಬಿದಾಗ ಮೋಟಾರ್ ನಿಲ್ಲಿಸುವ ಬೋರ್ಡಿಗೆ ನಾನೂ ಅದನ್ನೇ ಬಳಿದಿದ್ದೆ. ಎರಡನೇ ಆಷಾಢಕ್ಕೆ ಮೋಟಾರ್ ತಾನಾಗಿ ಓಡತೊಡಗಿತು. ಬಿಚ್ಚಿ ನೋಡಿದರೆ ಪಾಲಿಶ್ ಇದ್ದಂತೆಯೇ ಇದೆ, ಅದರಡಿಯ ತಾಮ್ರ ಹಸಿರಾಗಿದೆ.

ಬೋರ್ಡಿನ ಮೇಲೆ ಉಳಿದುಹೋದ ಫೆರಿಕ್ ಕ್ಲೋರೈಡ್ (ಎಚ್ಚಿಂಗಿಗೆ ಬಳಸುವ ರಾಸಾಯನಿಕ) ಮತ್ತು ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಪದಾರ್ಥ) ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಆಗ ಎರಡು ಗೆರೆಗಳ ನಡುವೆ ವಿದ್ಯುತ್ ಸೋರುತ್ತದೆ, ತಾಮ್ರ ಕರಗುತ್ತದೆ. ಕೊಳೆಯ ಮೇಲೆ ಲೇಪ ಬಳಿದರೆ ಅದನ್ನು ಒಳಗೇ ಕೂಡಿಹಾಕಿದಂತೆ.

ಆದ್ದರಿಂದ ಎಚ್ಚಿಂಗ್ ಮುಗಿದ ಕೂಡಲೇ ಬೋರ್ಡನ್ನು ನಲ್ಲಿ ನೀರಿನಲ್ಲಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ, ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಿರಿ. ನಂತರ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಹಾಗೆ, ಎಲ್ಲ ಗೆರೆಗಳ ಮೇಲೂ ತೆಳುವಾಗಿ ಸೀಸದ ಬೆಸುಗೆ ಎಳೆಯಿರಿ. ಈ ಕೆಲಸವನ್ನು ದಯವಿಟ್ಟು ಬಿಡಬೇಡಿ. ಬಿಡಿಭಾಗಗಳನ್ನು ಕೂರಿಸಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಫ್ಲಕ್ಸ್ ಉಜ್ಜಿ, ಕರಗಿದ್ದು ಅಲ್ಲೇ ಒಣಗುವ ಮೊದಲು ಇನ್ನಷ್ಟು ಸುರಿದು ತೊಳೆದುಬಿಡಿ. ಆಲ್ಕೋಹಾಲ್ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್), ಪ್ರಿಸೆಟ್ (ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್) ಇವುಗಳ ಒಳಗೆ ಇಳಿಯದಿರಲಿ. ಹತ್ತಿರ ಬೆಂಕಿ ಬೇಡ.

ಚೆನ್ನಾಗಿ ಒಣಗಿದ ಮೇಲೆ, ಮಳೆ ಬಿಟ್ಟ ದಿನ ನೋಡಿ, ಅಕ್ರಿಲಿಕ್ ಕನ್ಫಾರ್ಮಲ್ ಕೋಟಿಂಗ್ (ಬೋರ್ಡನ್ನು ತೇವದಿಂದ ಕಾಯುವ ಲೇಪ) ಸ್ಪ್ರೇಯನ್ನು ತೆಳುವಾಗಿ ಎರಡು ಸಲ ಹೊಡೆಯಿರಿ. ಕನೆಕ್ಟರ್‌ಗಳಿಗೆ ಮೊದಲೇ ಟೇಪ್ ಅಂಟಿಸಿರಬೇಕು. ಎಪಾಕ್ಸಿಗಿಂತ ನನಗೆ ಅಕ್ರಿಲಿಕ್ ಇಷ್ಟ: ನಾಳೆ ರಿಪೇರಿ ಬಂದರೆ ಅದನ್ನು ಕರಗಿಸಿ ತೆಗೆಯಬಹುದು. ವಿನೆಗರ್ ವಾಸನೆಯ ಸಿಲಿಕೋನ್ ಅಂಟನ್ನು ಮಾತ್ರ ಮುಟ್ಟಬೇಡಿ, ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲವೇ ತಾಮ್ರವನ್ನು ತಿನ್ನುತ್ತದೆ. ಯಾವ ಲೇಪವನ್ನೂ ನಂಬಿ 230 ವೋಲ್ಟ್ ಹರಿಯುವ ಗೆರೆಗೆ ಕೈ ಹಾಕಬೇಡಿ.

ಬೋರ್ಡ್ ಇರುವ ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಜಡಿಯಬೇಡಿ. ಮಳೆಗಾಲದಲ್ಲಿ ನಮ್ಮ ಗೋಡೆಗಳೇ ಬೆವರುತ್ತವೆ. ವೈರುಗಳು ಕೆಳಗಿನಿಂದ ಒಳಹೋಗಲಿ, ಹೋಗುವ ಮೊದಲು ಒಮ್ಮೆ ತಗ್ಗಿ ಬಾಗಿರಲಿ, ಹನಿ ಅಲ್ಲೇ ಉದುರುತ್ತದೆ. ಈಗಿನ ಬೋರ್ಡನ್ನು ಎಸೆಯಬೇಡಿ: ಕಿಲುಬು ಉಜ್ಜಿ ತೆಗೆದು, ಗೆರೆ ತುಂಡಾದ ಕಡೆ ತಂತಿ ಬೆಸೆದು, ಮೇಲೆ ಹೇಳಿದಂತೆ ತೊಳೆದು ಲೇಪ ಹಚ್ಚಿ. ನನ್ನ ಬೋರ್ಡನ್ನೂ ಹೀಗೇ ಮಾಡಿ ಉಳಿಸಿಕೊಂಡೆ.