ಸ್ಥಳೀಯ ರಾಜಕಾರಣಿಗಳಿಗೆ ನಮ್ಮ ಇಮೇಲ್ ವಿಳಾಸ ಸಿಗುವುದು ಹೇಗೆ?

ಬಹುಪಾಲು ನಾವೇ ಕೊಟ್ಟಿರುತ್ತೇವೆ, ಕೊಟ್ಟಿದ್ದು ಮರೆತಿರುತ್ತೇವೆ. ರಸ್ತೆಗುಂಡಿಯ ಬಗ್ಗೆ ದೂರು ಬರೆದಾಗ, ಸಭೆಯ ಬಾಗಿಲಲ್ಲಿ ಹೆಸರು ಬರೆಸಿದಾಗ, ದೇಣಿಗೆ ಕೊಟ್ಟಾಗ ವಿಳಾಸ ಪಟ್ಟಿ ಸೇರುತ್ತದೆ. ಒಳ್ಳೆಯ ಫಸಲು ಕೊಡುವುದು ಮಾತ್ರ ಆನ್‌ಲೈನ್ ಮನವಿ: ‘ಈ ಉದ್ಯಾನ ಉಳಿಸಿ, ಸಹಿ ಹಾಕಿ’. ಉದ್ಯಾನ ಉಳಿಯುತ್ತದೋ ಇಲ್ಲವೋ, ಸಹಿ ಹಾಕಿದವರ ವಿಳಾಸವಂತೂ ಉಳಿಯುತ್ತದೆ! ಯಾರಿಗೆ ಯಾವ ವಿಷಯ ಮುಖ್ಯ ಅನ್ನುವುದೂ ಗೊತ್ತಾಗುತ್ತದೆ. ಅಲ್ಲಿ ಅಂಚೆ ಕೋಡ್ ಕೇಳುವುದು ಸ್ವಂತ ಕ್ಷೇತ್ರದವರನ್ನು ಬೇರ್ಪಡಿಸಿಕೊಳ್ಳಲು.

ಸಿದ್ಧ ಪಟ್ಟಿಗಳು ದುಡ್ಡಿಗೂ ಸಿಗುತ್ತವೆ, ಆದರೆ ತಿಳಿದವರು ಕೊಳ್ಳುವುದಿಲ್ಲ. ಕೇಳದೆ ಬಂದ ಪತ್ರಕ್ಕೆ ಜನ ‘ಸ್ಪ್ಯಾಮ್’ ಎಂದು ಗುರುತು ಹಾಕುತ್ತಾರೆ. ಅಂಥ ದೂರು ಹೆಚ್ಚಾದರೆ ಇಮೇಲ್ ಸೇವೆಗಳು ಕಳುಹಿಸಿದವರನ್ನೇ ಅನುಮಾನಿಸತೊಡಗುತ್ತವೆ. ಆಮೇಲೆ, ಇಷ್ಟಪಟ್ಟು ಸೇರಿದವರಿಗೆ ಹೋಗಬೇಕಾದ ಪತ್ರವೂ ಸ್ಪ್ಯಾಮ್ ಫೋಲ್ಡರಿಗೆ ಬೀಳುತ್ತದೆ. ದೂರಿನ ಪ್ರಮಾಣ ಶೇ. 0.3 ಮುಟ್ಟಲೇಬಾರದು ಎನ್ನುತ್ತದೆ ಜಿಮೇಲ್, ಅಂದರೆ 1,000 ಪತ್ರಕ್ಕೆ ಬರೀ 3 ದೂರು. ಹಾಗಾಗಿ 20,000 ಅಪರಿಚಿತರಿಗಿಂತ ತಾವಾಗಿ ಸೇರಿದ 2,000 ಜನರ ಪಟ್ಟಿಯೇ ಮೇಲು.

ಅಂದಹಾಗೆ, ದೂರು ಕೊಡಲೆಂದು ನೀಡಿದ ವಿಳಾಸವನ್ನು ಚುನಾವಣಾ ಪ್ರಚಾರಕ್ಕೆ ಬಳಸಲು ಹಲವು ದೇಶಗಳ ನಿಯಮ ಬಿಡುವುದಿಲ್ಲ.