ಲ್ಯಾಬ್ ಪ್ರಶ್ನೋತ್ತರ: ಬ್ಯಾಕ್ಟೀರಿಯಾದ ಸಂಕೇತಕ್ಕೆ ಮ್ಯಾಕ್ರೊಫೇಜ್ ಏನನ್ನುತ್ತದೆ?

ಪ್ರಶ್ನೆ: ಸೂಡೊಮೊನಾಸ್ ಎರುಜಿನೋಸಾ ಬೆಳೆಸಿ, ಮೇಲಿನ ತಿಳಿಯನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ರಾ 264.7 ಎಂಬ ಇಲಿಯ ಮ್ಯಾಕ್ರೊಫೇಜ್ (ರೋಗಾಣು ನುಂಗುವ ರಕ್ಷಕ ಕೋಶ) ಕೋಶಗಳಿಗೆ ಹಾಕಿದೆವು. 24 ಗಂಟೆಗೆ ನೈಟ್ರೈಟ್ (ಕೋಶ ಬಿಡುವ ನೈಟ್ರಿಕ್ ಆಕ್ಸೈಡ್‌ನ ಗುರುತು) ಚೆನ್ನಾಗಿ ಏರಿತು. ಕೋರಮ್ ಸೆನ್ಸಿಂಗ್ ಅಣುವಿಗೆ (ಬ್ಯಾಕ್ಟೀರಿಯಾ ತಮ್ಮ ಸಂಖ್ಯೆ ಅರಿಯಲು ಬಿಡುವ ಸಂಕೇತ) ಮ್ಯಾಕ್ರೊಫೇಜ್ ಸ್ಪಂದಿಸಿದೆ ಎಂದು ಪ್ರಾಜೆಕ್ಟ್ ವರದಿಯಲ್ಲಿ ಬರೆಯಬಹುದೇ?
— ಬಿಎಸ್ಸಿ ಅಂತಿಮ ವರ್ಷದ ವಿದ್ಯಾರ್ಥಿನಿಯರು, ಕಲಬುರಗಿ

ಉತ್ತರ: ಸದ್ಯಕ್ಕೆ ಬೇಡ. ನೀವು ಅಳೆದದ್ದು ಹೆಚ್ಚಾಗಿ ಎಲ್‌ಪಿಎಸ್, ಅಂದರೆ ಎಂಡೊಟಾಕ್ಸಿನ್‌ನ ಪ್ರಭಾವ. 0.22 ಮೈಕ್ರಾನ್ ಫಿಲ್ಟರ್ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಅದರ ಹೊರಪೊರೆಯಿಂದ ಕಳಚಿದ ಎಲ್‌ಪಿಎಸ್ ಆರಾಮಾಗಿ ದಾಟಿಹೋಗುತ್ತದೆ. ಮ್ಯಾಕ್ರೊಫೇಜ್‌ಗಳಿಗೆ ಒಂದು ಮಿಲಿಲೀಟರಿಗೆ ಕೆಲವೇ ನ್ಯಾನೋಗ್ರಾಂ ಎಲ್‌ಪಿಎಸ್ ಸಾಕು, ಟಿಎಲ್‌ಆರ್-4 ಎಂಬ ಗ್ರಾಹಿಯ ಮೂಲಕ ನೈಟ್ರಿಕ್ ಆಕ್ಸೈಡ್ ತಯಾರಿ ಶುರುವಾಗುತ್ತದೆ. 121 ಡಿಗ್ರಿಯ ಆಟೊಕ್ಲೇವ್‌ನಿಂದಲೂ ಎಲ್‌ಪಿಎಸ್ ನಾಶವಾಗುವುದಿಲ್ಲ. ಗಾಜಿನ ಸಾಮಾನನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಒಣ ಓವನ್‌ನಲ್ಲಿ 250 ಡಿಗ್ರಿಗೆ ಕನಿಷ್ಠ 30 ನಿಮಿಷ ಇಡಬೇಕು. ನೀರು, ಬಫರ್ ಎರಡನ್ನೂ ಎಂಡೊಟಾಕ್ಸಿನ್ ಇಲ್ಲದ್ದೆಂದು ಪರೀಕ್ಷಿಸಿದ ಬಾಟಲಿಯಿಂದಲೇ ತೆಗೆದುಕೊಳ್ಳಿ. ಲ್ಯಾಬಿನಲ್ಲೇ ಬಟ್ಟಿ ಇಳಿಸಿ ವಾರಗಟ್ಟಲೆ ಕ್ಯಾನಿನಲ್ಲಿಟ್ಟ ನೀರನ್ನು ನಂಬಬೇಡಿ.

ಅನುಮಾನ ಖಚಿತಪಡಿಸಿಕೊಳ್ಳಲು ಅಗ್ಗದ ದಾರಿಯೊಂದಿದೆ. ಅದೇ ತಿಳಿಯನ್ನು ಪಾಲಿಮಿಕ್ಸಿನ್ ಬಿ (ಮಿಲಿಲೀಟರಿಗೆ 10 ಮೈಕ್ರೋಗ್ರಾಂ) ಸೇರಿಸಿ ಮತ್ತೊಮ್ಮೆ ಹಾಕಿ. ಅದು ಎಲ್‌ಪಿಎಸ್‌ನ ಲಿಪಿಡ್ ಎ ಭಾಗವನ್ನು ಹಿಡಿದುಕೊಳ್ಳುತ್ತದೆ. ನೈಟ್ರೈಟ್ ಬಿದ್ದರೆ ಉತ್ತರ ಸಿಕ್ಕಂತೆ. ಪಾಲಿಮಿಕ್ಸಿನ್ ಮಾತ್ರ ಹಾಕಿದ ಬಾವಿಗಳೂ (ತಟ್ಟೆಯ ಗುಳಿಗಳು) ಇರಲಿ.

ತಿಳಿಯನ್ನು 0.1 ಶೇಕಡ ಅಸೆಟಿಕ್ ಆಮ್ಲ ಬೆರೆಸಿದ ಈಥೈಲ್ ಅಸಿಟೇಟ್‌ನಿಂದ ಸಮಪ್ರಮಾಣದಲ್ಲಿ ಎರಡು ಸಲ ತೊಳೆದು ಮೇಲಿನ ಪದರ ಒಣಗಿಸಿದರೆ ಎಲ್‌ಪಿಎಸ್ ಬಹುತೇಕ ನೀರಿನಲ್ಲೇ ಉಳಿಯುತ್ತದೆ, ಆದರೆ ಸೂಡೊಮೊನಾಸ್‌ನ ಪಯೋಸಯಾನಿನ್‌ನಂಥ ಬಣ್ಣಗಳು ನಿಮ್ಮ ಅಣುವಿನ ಜೊತೆಯಲ್ಲೇ ಬರುತ್ತವೆ, ಅವುಗಳಿಗೂ ಕೋಶಗಳು ಸ್ಪಂದಿಸುತ್ತವೆ. ಹಾಗಾಗಿ ಸೂಡೊಮೊನಾಸ್‌ನ ಸಂಕೇತ ಅಣುವಾದ 3-ಆಕ್ಸೊ-ಸಿ12-ಎಚ್‌ಎಸ್‌ಎಲ್ ಅನ್ನು ಸಂಶ್ಲೇಷಿತ ರೂಪದಲ್ಲಿ ಕೊಳ್ಳುವುದೇ ಸರಿ. ಅಣುಭಾರ 297.4. ಐದು ಮಿಲಿಗ್ರಾಂ ಸೀಸೆಗೆ 0.67 ಮಿಲಿಲೀಟರ್ ಒಣ ಡಿಎಂಎಸ್‌ಓ (ದ್ರಾವಕ) ಹಾಕಿದರೆ 25 ಮಿಲಿಮೋಲಾರ್ ಸ್ಟಾಕ್. 2 ಮಿಲಿಲೀಟರ್ ಮೀಡಿಯಂಗೆ ಅದರ 2 ಮೈಕ್ರೋಲೀಟರ್ ಹಾಕಿದರೆ 25 ಮೈಕ್ರೋಮೋಲಾರ್, ಡಿಎಂಎಸ್‌ಓ 0.1 ಶೇಕಡ. ಕಡಿಮೆ ಪ್ರಮಾಣಗಳು ಬೇಕಿದ್ದರೆ ಸ್ಟಾಕನ್ನು ಡಿಎಂಎಸ್‌ಓದಲ್ಲೇ ತೆಳುಮಾಡಿ, ಆಗ ಎಲ್ಲ ಬಾವಿಗಳಲ್ಲೂ ಡಿಎಂಎಸ್‌ಓ ಒಂದೇ ಇರುತ್ತದೆ. ಮೀಡಿಯಂನಲ್ಲಿ ತೆಳುಮಾಡಿ ಆಮೇಲೆ ಫಲಿತಾಂಶ ಅರ್ಥವಾಗದೆ ಕೂರುವವರೇ ಜಾಸ್ತಿ.

ಪ್ರಶ್ನೆ: ಶುದ್ಧ ಅಣುವನ್ನೇ ತರಿಸಿದ್ದೇವೆ. 50 ಮೈಕ್ರೋಮೋಲಾರ್ ಅಣುವಿನ ಜೊತೆ ಎಲ್‌ಪಿಎಸ್ ಕೊಟ್ಟಾಗ ನೈಟ್ರೈಟ್ ಇಳಿಯುತ್ತದೆ. ಒಮ್ಮೆ ಅರ್ಧಕ್ಕೆ, ಇನ್ನೊಮ್ಮೆ ಇಳಿತ ಹೆಚ್ಚುಕಡಿಮೆ ಏನೂ ಇಲ್ಲ. ಇದು ರೋಗನಿರೋಧ ತಗ್ಗಿದ್ದೇ ಅಲ್ಲವೇ ಸರ್?
— ಎರಡನೇ ವರ್ಷದ ಜೈವಿಕ ತಂತ್ರಜ್ಞಾನ ವಿದ್ಯಾರ್ಥಿ, ಬೀದರ್

ಉತ್ತರ: ಇರಬಹುದು. ಈ ಅಣು ಎಲ್‌ಪಿಎಸ್ ಪ್ರೇರಿತ ಟಿಎನ್‌ಎಫ್-ಆಲ್ಫಾ ಮತ್ತು ಐಎಲ್-12 ಎಂಬ ಉರಿಯೂತದ ಪ್ರೋಟೀನುಗಳನ್ನು ತಗ್ಗಿಸುತ್ತದೆ ಎಂಬುದು 1998ರಲ್ಲೇ ಪ್ರಕಟವಾಗಿದೆ. ಉರಿಯೂತದ ಜೀನುಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಸಂಕೇತ ಹಾದಿಯನ್ನು ಕೆಡಿಸುತ್ತದೆಂಬುದು 2008ರಲ್ಲಿ ಬಂತು. ಆದರೆ 50 ಮೈಕ್ರೋಮೋಲಾರ್‌ನಲ್ಲಿ ಇದೇ ಅಣು ಮ್ಯಾಕ್ರೊಫೇಜ್‌ಗಳನ್ನು ಕೊಲ್ಲಲೂಬಹುದು. ಸತ್ತ ಕೋಶ ನೈಟ್ರೈಟ್ ಕೊಡುವುದಿಲ್ಲ. ಅದೇ ತಟ್ಟೆಯ ತಿಳಿಯನ್ನು ಗ್ರೀಸ್ ಪರೀಕ್ಷೆಗೆ (ನೈಟ್ರೈಟ್ ಅಳತೆ, ಕೆಳಗಿದೆ) ತೆಗೆದ ಮೇಲೆ, ಉಳಿದ ಕೋಶಗಳಿಗೆ ಎಂಟಿಟಿ (ಬದುಕಿರುವ ಕೋಶಗಳಲ್ಲಿ ಬಣ್ಣ ಬರಿಸುವ ವಸ್ತು; ಮಿಲಿಲೀಟರಿಗೆ 0.5 ಮಿಲಿಗ್ರಾಂ, 3 ಗಂಟೆ) ಹಾಕಿ 570 ನ್ಯಾನೋಮೀಟರಿನಲ್ಲಿ ಓದಿ. ಎರಡೂ ಒಟ್ಟಿಗೆ ಇಳಿದಿದ್ದರೆ ಪ್ರಮಾಣವನ್ನು 5, 10, 25ಕ್ಕೆ ತನ್ನಿ.

ದಿನದಿಂದ ದಿನಕ್ಕೆ ಫಲಿತಾಂಶ ಬದಲಾಗಲು ಅಣುವಿನ ಲ್ಯಾಕ್ಟೋನ್ ಉಂಗುರವೇ ಮುಖ್ಯ ಕಾರಣವಿರಬೇಕು. ಪಿಎಚ್ 7 ದಾಟಿದರೆ ಅದು ನೀರಿನಿಂದ ತೆರೆದುಕೊಳ್ಳತೊಡಗುತ್ತದೆ, ಬಿಸಿ ಹೆಚ್ಚಾದಷ್ಟೂ ಬೇಗ. ಸೀರಮ್‌ನಲ್ಲಿರುವ ಪ್ಯಾರಾಕ್ಸೊನೇಸ್ ಕಿಣ್ವಗಳೂ ಉಂಗುರವನ್ನು ಒಡೆಯುತ್ತವೆ. ನೀವು 10 ಶೇಕಡ ಎಫ್‌ಬಿಎಸ್ (ಕರುವಿನ ಸೀರಮ್) ಇರುವ, ಇನ್‌ಕ್ಯುಬೇಟರ್ ಹೊರಗಿಟ್ಟು ಗುಲಾಬಿ-ನೇರಳೆಗೆ ತಿರುಗಿದ ಡಿಎಂಇಎಂ ಮೀಡಿಯಂನಲ್ಲಿ ಬೆಳಗ್ಗೆಯೇ ಅಣು ಬೆರೆಸಿ ಮಧ್ಯಾಹ್ನ ಹಾಕಿದರೆ, ಎಷ್ಟು ಉಳಿದಿದೆಯೋ ಯಾರಿಗೂ ಗೊತ್ತಿಲ್ಲ. ಚಿಕಿತ್ಸೆಯ ಅವಧಿಗೆ ಸೀರಮ್ 1–2 ಶೇಕಡಕ್ಕೆ ಇಳಿಸಿ, ಹಾಕುವ ಮುನ್ನವಷ್ಟೇ ಬೆರೆಸಿ, ಸ್ಟಾಕನ್ನು ಸಣ್ಣ ಸಣ್ಣ ಭಾಗ ಮಾಡಿ ಮೈನಸ್ 20ರಲ್ಲಿಡಿ. ಅಣುವನ್ನು ಒಂದು ಗಂಟೆ ಮೊದಲು ಕೊಟ್ಟು ಆಮೇಲೆ 100 ನ್ಯಾನೋಗ್ರಾಂ ಎಲ್‌ಪಿಎಸ್ ಕೊಡುತ್ತೀರೋ, ಎರಡನ್ನೂ ಕೂಡಿಸಿಯೋ ಎಂಬುದನ್ನು ಪ್ರತಿ ಸಲವೂ ಒಂದೇ ಥರ ಇಟ್ಟುಕೊಳ್ಳಿ.

ಗ್ರೀಸ್ ಪರೀಕ್ಷೆ: 50 ಮೈಕ್ರೋಲೀಟರ್ ತಿಳಿ, ಅಷ್ಟೇ ಸಲ್ಫಾನಿಲಮೈಡ್ (1 ಶೇಕಡ, 5 ಶೇಕಡ ಫಾಸ್ಫಾರಿಕ್ ಆಮ್ಲದಲ್ಲಿ), 5–10 ನಿಮಿಷ ಕತ್ತಲಲ್ಲಿ, ಮೇಲೆ 50 ಮೈಕ್ರೋಲೀಟರ್ 0.1 ಶೇಕಡ ಎನ್‌ಇಡಿ (ಬಣ್ಣ ಬರಿಸುವ ರಾಸಾಯನಿಕ). ಮತ್ತೆ 5–10 ನಿಮಿಷ. 540ರಲ್ಲಿ ಅರ್ಧ ಗಂಟೆಯೊಳಗೆ ಓದಿ. ಸೋಡಿಯಂ ನೈಟ್ರೈಟ್ ಮಾನಕವನ್ನು (0ರಿಂದ 100 ಮೈಕ್ರೋಮೋಲಾರ್) ನೀರಿನಲ್ಲಲ್ಲ, ನಿಮ್ಮ ಮೀಡಿಯಂನಲ್ಲೇ ಮಾಡಿ. ನಮ್ಮ ಕಡೆಯ ಬೇಸಿಗೆಯ ಒಣಹವೆಗೆ ತಟ್ಟೆಯ ಅಂಚಿನ ಬಾವಿಗಳು ಬೇಗ ಆರಿ ನೈಟ್ರೈಟ್ ಸಾಂದ್ರವಾಗುತ್ತದೆ. ಅಂಚಿಗೆ ಬರೀ ಪಿಬಿಎಸ್ (ಉಪ್ಪಿನ ಬಫರ್) ತುಂಬಿ, ಇನ್‌ಕ್ಯುಬೇಟರಿನ ನೀರಿನ ಟ್ರೇ ಖಾಲಿ ಬಿಡಬೇಡಿ.

ಪ್ರಶ್ನೆ: ನಮ್ಮ ಡಿಗ್ರಿ ಕಾಲೇಜಿನಾಗ ಸಿಓ2 ಇನ್‌ಕ್ಯುಬೇಟರ್ ಇಲ್ಲ, ಕರೆಂಟ್ ಸುದ್ಧಾ ನಂಬಂಗಿಲ್ಲ. ಈ ವಿಷಯದಾಗ ಏನಾದ್ರೂ ಮಾಡ್ಲಿಕ್ಕೆ ಬರ್ತದೇನ್ರಿ?
— ಉಪನ್ಯಾಸಕರು, ಯಾದಗಿರಿ

ಉತ್ತರ: ಬರುತ್ತದೆ. ಸಂಕೇತದ ಅರ್ಧವನ್ನು ಕ್ರೋಮೊಬ್ಯಾಕ್ಟೀರಿಯಂ ವಯೋಲೇಸಿಯಂ ಎಂಬ ಬ್ಯಾಕ್ಟೀರಿಯಾದಲ್ಲಿ ನೋಡಿ. ಸಿವಿ026 ತಳಿ ತಾನಾಗಿ ಸಂಕೇತ ತಯಾರಿಸದು. ಹೊರಗಿನಿಂದ ಸಿ4ರಿಂದ ಸಿ8ರವರೆಗಿನ (4ರಿಂದ 8 ಇಂಗಾಲದ) ಚಿಕ್ಕ ಸರಪಳಿಯ ಎಚ್‌ಎಸ್‌ಎಲ್ ಸಿಕ್ಕರೆ ನೇರಳೆಯಾಗುತ್ತದೆ. ಉದ್ದ ಸರಪಳಿಗೆ ನೇರಳೆ ಬರುವುದಿಲ್ಲ, ಹಾಗಾಗಿ ಬೀದರಿನವರ ಸಿ12 ಅಣುವನ್ನು ಇಲ್ಲಿ ಹಾಕಿ ನಿರಾಶರಾಗಬೇಡಿ. ಬಣ್ಣ ಅಳೆಯಲು 1 ಮಿಲಿಲೀಟರ್ ಕಲ್ಚರನ್ನು 13,000 ಆರ್‌ಪಿಎಂನಲ್ಲಿ 10 ನಿಮಿಷ ತಿರುಗಿಸಿ, ಗಸಿಯನ್ನು 1 ಮಿಲಿಲೀಟರ್ ಡಿಎಂಎಸ್‌ಓದಲ್ಲಿ ಕರಗಿಸಿ, ಮತ್ತೊಮ್ಮೆ ತಿರುಗಿಸಿ 585ರಲ್ಲಿ ಓದಿ. ಜೊತೆಗೆ 600ರಲ್ಲಿ ಬೆಳವಣಿಗೆಯನ್ನೂ ಬರೆದಿಡಿ, ಇಲ್ಲವಾದರೆ ಬ್ಯಾಕ್ಟೀರಿಯಾ ಸತ್ತಿದ್ದನ್ನೇ ಸಂಕೇತ ನಿಂತಿತೆಂದು ಓದುವಿರಿ.

ಇದು 28–30 ಡಿಗ್ರಿಯಲ್ಲಿ ಬೆಳೆಯಬೇಕು. ಸಾಮಾನ್ಯ ಇನ್‌ಕ್ಯುಬೇಟರ್ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಮೇ ತಿಂಗಳಲ್ಲಿ ಕೋಣೆಯೇ 40 ಇದ್ದಾಗ ಒಳಗೆ 30 ಬರುವ ಮಾತೇ ಇಲ್ಲ. ತಂಪಿನ ವ್ಯವಸ್ಥೆಯಿರುವ ಬಿಓಡಿ ಇನ್‌ಕ್ಯುಬೇಟರ್ ಬೇಕು, ಇಲ್ಲವೇ ಈ ಕೆಲಸವನ್ನು ನವೆಂಬರ್‌ನಿಂದ ಜನವರಿಗೆ ಇಟ್ಟುಕೊಳ್ಳಿ. ಈ ಬ್ಯಾಕ್ಟೀರಿಯಾ ಅಪರೂಪಕ್ಕೆ ಮನುಷ್ಯರಿಗೂ ಗಂಭೀರ ಸೋಂಕು ತರುತ್ತದೆ. ಕೈಯಲ್ಲಿ ಗಾಯವಿದ್ದವರು ಮುಟ್ಟದಿರಲಿ, ಎಲ್ಲವೂ ಆಟೊಕ್ಲೇವ್ ಆದಮೇಲೇ ಕಸಕ್ಕೆ ಹೋಗಲಿ.

ನಿರೋಧದ ಅರ್ಧಕ್ಕೆ ಮೇಣದ ಹುಳ, ಅಂದರೆ ಗ್ಯಾಲೇರಿಯಾ ಮೆಲ್ಲೊನೆಲ್ಲಾ ಮರಿಗಳು ಸಾಕು. ಜೇನು ಸಾಕುವವರ ಕೈಬಿಟ್ಟ ಪೆಟ್ಟಿಗೆಗಳಲ್ಲಿ ಸಿಗುತ್ತವೆ. 250–300 ಮಿಲಿಗ್ರಾಂ ತೂಕದ, ಕಲೆಯಿಲ್ಲದ ಕೆನೆಬಣ್ಣದವನ್ನು ಆರಿಸಿ, ಗುಂಪಿಗೆ 10ರಂತೆ, ಕೊನೆಯ ಸುಳ್ಳುಗಾಲಿಗೆ (ಪ್ರೋಲೆಗ್) ಅಣುವಿನ ದ್ರಾವಣ 10 ಮೈಕ್ರೋಲೀಟರ್ ಚುಚ್ಚಿ. ಪಿಬಿಎಸ್ ಗುಂಪು ಮತ್ತು ಡಿಎಂಎಸ್‌ಓ ಗುಂಪು ಎರಡೂ ಇರಲಿ, ಏಕೆಂದರೆ ಮರಿ ಕಪ್ಪುಗಟ್ಟುವುದೇ ನಿರೋಧದ ಗುರುತು, ಚುಚ್ಚಿದ ಗಾಯವೂ ಕಪ್ಪುಗಟ್ಟಿಸುತ್ತದೆ. ಹುಳಕ್ಕೆ ಪ್ರತಿಕಾಯಗಳಿಲ್ಲ, ಜನ್ಮಜಾತ ನಿರೋಧವನ್ನಷ್ಟೇ ಇದರಿಂದ ಹೇಳಬಹುದು.

ಪ್ರಶ್ನೆ: ಒಂದು ತಟ್ಟೆಯಲ್ಲಿ ಮೂರು ಬಾವಿ ಇಟ್ಟರೆ ಎನ್ (ಸ್ವತಂತ್ರ ಪ್ರಯೋಗಗಳ ಸಂಖ್ಯೆ) = 3 ಆಗುತ್ತದೆಯೇ?
— ವಿದ್ಯಾರ್ಥಿ, ಆಳಂದ

ಉತ್ತರ: ಇಲ್ಲ, ಅದು ಒಂದೇ. ಬೇರೆ ದಿನ, ಬೇರೆ ಪ್ಯಾಸೇಜಿನ (ಹೊಸ ತಟ್ಟೆಗೆ ಬದಲಿಸಿ ಬೆಳೆಸಿದ ಸರದಿಯ) ಕೋಶಗಳಲ್ಲಿ ಮೂರು ಸಲ ಮಾಡಿ, ಪ್ರತಿ ದಿನದ ಬಾವಿಗಳ ಸರಾಸರಿಯನ್ನು ಒಂದು ಸಂಖ್ಯೆಯಾಗಿ ಹಿಡಿಯಿರಿ.